ಸಾಂಕ್ರಾಮಿಕ ಪಿಡುಗಿನ ಸಂದರ್ಭದಲ್ಲಿ ಹೆಚ್ಚಿನ ಅಪಾಯದಲ್ಲಿರುವವರ ರಕ್ಷಣೆ: ನೈತಿಕ ತತ್ವಗಳು ಮತ್ತು ಸಾರ್ವಜನಿಕರ ಹೊಣೆ

1. ಪೀಠಿಕೆ

ವಿಶ್ವ ಆರೋಗ್ಯ ಸಂಸ್ಥೆಯು ಕೋವಿಡ್-19 ರೋಗವನ್ನು ದಿನಾಂಕ 11.03.2020ರಂದು ಜಾಗತಿಕ ಪಿಡುಗು ಎಂದು ಪರಿಗಣಿಸಿತು. ಅದಕ್ಕೆ ಸಂಬಂಧಿಸಿದ ಅಂತರರಾಷ್ಟ್ರೀಯ ತುರ್ತು ಪರಿಸ್ಥಿತಿಯು ಕೊನೆಗೊಂಡಿತೆಂದು ದಿನಾಂಕ 05.05.2023ರಂದು ಪ್ರಕಟಿಸಿತು. ದೇಶದಲ್ಲಿ ಈ ರೋಗದಿಂದ ಮೊದಲು ಮೃತಪಟ್ಟವರು ಕಲಬುರಗಿಯ 76 ವರ್ಷದ ಹಿರಿಯ ನಾಗರಿಕರು. ತುರ್ತು ಪರಿಸ್ಥಿತಿ ಕೊನೆಗೊಂಡರೂ ರೋಗಾಣು ಇಲ್ಲವಾಗಿಲ್ಲ. ಬಹುಜನರಿಗೆ ಅಪಾಯ ತಗ್ಗಿದ ಅನಂತರವೂ ಕೆಲವರಿಗೆ ಅದು ಉಳಿದೇ ಇರುತ್ತದೆ. ಇಂತಹವರನ್ನು ರಕ್ಷಿಸುವ ಹೊಣೆ ಯಾರದು ಹಾಗೂ ಅದನ್ನು ಹೇಗೆ ನಿರ್ವಹಿಸಬೇಕು ಎಂಬುದನ್ನು ಸಾರ್ವಜನಿಕರ ತಿಳಿವಳಿಕೆಗಾಗಿ ಇಲ್ಲಿ ವಿವರಿಸಲಾಗಿದೆ.

2. ಹೆಚ್ಚಿನ ಅಪಾಯದಲ್ಲಿರುವವರು

ಹಿರಿಯ ನಾಗರಿಕರು, ಗರ್ಭಿಣಿಯರು, ಮಧುಮೇಹ, ಹೃದ್ರೋಗ, ಮೂತ್ರಪಿಂಡ ಹಾಗೂ ಶ್ವಾಸಕೋಶದ ದೀರ್ಘಕಾಲೀನ ಕಾಯಿಲೆಯುಳ್ಳವರು, ಕ್ಯಾನ್ಸರ್ ಚಿಕಿತ್ಸೆ ಪಡೆಯುತ್ತಿರುವವರು, ಅಂಗಾಂಗ ಕಸಿ ಮಾಡಿಸಿಕೊಂಡವರು ಈ ಗುಂಪಿಗೆ ಸೇರುತ್ತಾರೆ. ಕಸಿ ಮಾಡಿಸಿಕೊಂಡವರು ಹೊಸ ಅಂಗವನ್ನು ದೇಹವು ತಿರಸ್ಕರಿಸದಿರಲೆಂದು ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಔಷಧಿಯನ್ನು ನಿರಂತರವಾಗಿ ಸೇವಿಸಬೇಕಾಗುತ್ತದೆ. ಆದಕಾರಣ ಲಸಿಕೆ ಪಡೆದರೂ ಅವರಲ್ಲಿ ಅನೇಕರಿಗೆ ಇತರರಷ್ಟು ರಕ್ಷಣೆ ದೊರೆಯುವುದಿಲ್ಲ. ಇದು ಅವರ ಅಜಾಗರೂಕತೆಯ ಫಲವಲ್ಲ ಎಂಬುದನ್ನು ಗಮನಿಸತಕ್ಕದ್ದು.

3. ಮನೆಯಲ್ಲಿಯೇ ಇರಬೇಕೆಂಬ ಸಲಹೆ ಮತ್ತು ಅದರ ಮಿತಿ

2020ರ ಮೇ ತಿಂಗಳಿನಲ್ಲಿ ಕೇಂದ್ರ ಸರ್ಕಾರವು ಹೊರಡಿಸಿದ ಮಾರ್ಗಸೂಚಿಗಳಲ್ಲಿ 65 ವರ್ಷ ಮೇಲ್ಪಟ್ಟವರು, ಇತರ ಕಾಯಿಲೆಯುಳ್ಳವರು, ಗರ್ಭಿಣಿಯರು ಹಾಗೂ 10 ವರ್ಷದೊಳಗಿನ ಮಕ್ಕಳು ಅಗತ್ಯ ಕಾರ್ಯ ಹಾಗೂ ಚಿಕಿತ್ಸೆಯ ಹೊರತು ಮನೆಯಲ್ಲಿಯೇ ಇರುವಂತೆ ತಿಳಿಸಲಾಗಿತ್ತು. ಸೋಂಕು ತೀವ್ರವಾಗಿದ್ದಾಗ ಇದು ಅವಶ್ಯವಾಗಿತ್ತು. ಆದರೆ ಇದನ್ನೇ ಶಾಶ್ವತ ಪರಿಹಾರವೆಂದು ಭಾವಿಸುವುದು ಸರಿಯಲ್ಲ. ಡಯಾಲಿಸಿಸ್ ಪಡೆಯುವವರು ವಾರಕ್ಕೆ ಎರಡು ಅಥವಾ ಮೂರು ಬಾರಿ ಕೇಂದ್ರಕ್ಕೆ ಹೋಗಲೇಬೇಕು. ಹೋದರೆ ಸೋಂಕಿನ ಭಯ, ಹೋಗದಿದ್ದರೆ ಪ್ರಾಣಾಪಾಯ. ಅವರು ಕುಳಿತುಕೊಳ್ಳುವ ಬಸ್ಸು ಮತ್ತು ನಿರೀಕ್ಷಣಾ ಕೊಠಡಿ ಸುರಕ್ಷಿತವಾಗಿರುವುದು ಅಲ್ಲಿರುವ ಇತರರ ನಡವಳಿಕೆಯನ್ನು ಅವಲಂಬಿಸಿದೆ. ಅಲ್ಲದೆ, ವರ್ಷಗಟ್ಟಲೆ ಮನೆಯೊಳಗೇ ಉಳಿದ ಹಿರಿಯರಿಗೆ ಒಂಟಿತನವೂ ಒಂದು ಬಾಧೆಯೇ ಆಗುತ್ತದೆ.

4. ಹೊಣೆಯ ಹಂಚಿಕೆ

ಅಪಾಯದಲ್ಲಿರುವವರು ತಮ್ಮನ್ನು ತಾವೇ ನೋಡಿಕೊಳ್ಳಲಿ ಎಂಬ ಮಾತು ಸಾಮಾನ್ಯವಾಗಿ ಕೇಳಿಬರುತ್ತದೆ. ಇಲ್ಲಿ ಎರಡೂ ಕಡೆಯ ಹೊರೆಯನ್ನು ತೂಗಿ ನೋಡಬೇಕು. ಆಸ್ಪತ್ರೆಯಲ್ಲಿ ಒಂದು ಗಂಟೆ ಮುಖಗವಸು ಧರಿಸುವುದು ಆರೋಗ್ಯವಂತರಿಗೆ ಅಲ್ಪ ಅನನುಕೂಲ. ಪಕ್ಕದಲ್ಲಿರುವ ರೋಗಿಗೆ ಅದು ಜೀವದ ಪ್ರಶ್ನೆ. ರೋಗಲಕ್ಷಣ ಕಾಣುವ ಮೊದಲೇ ಸೋಂಕು ಹರಡಬಲ್ಲದು. ಸೋಂಕಿತರು ಧರಿಸಿದ ಮುಖಗವಸು ಎದುರಿನವರನ್ನೂ ರಕ್ಷಿಸುತ್ತದೆ.

2023ರ ಡಿಸೆಂಬರ್ ತಿಂಗಳಿನಲ್ಲಿ ಜೆಎನ್.1 ಉಪತಳಿ ಕಾಣಿಸಿಕೊಂಡಾಗ, ರಾಜ್ಯದಲ್ಲಿ 60 ವರ್ಷ ಮೇಲ್ಪಟ್ಟವರು ಹಾಗೂ ಇತರ ಕಾಯಿಲೆಯುಳ್ಳವರು ಮುಖಗವಸು ಧರಿಸುವಂತೆ ಸಲಹೆ ನೀಡಲಾಯಿತು. 2025ರ ಮೇ ತಿಂಗಳಿನಲ್ಲಿ ಜ್ವರ, ಕೆಮ್ಮು, ನೆಗಡಿ ಇರುವ ಮಕ್ಕಳನ್ನು ಶಾಲೆಗೆ ಕಳುಹಿಸದಂತೆ ಸೂಚಿಸಲಾಯಿತು. ಮೊದಲನೆಯದು ಅಪಾಯದಲ್ಲಿರುವವರು ತಾವೇ ವಹಿಸಬೇಕಾದ ಎಚ್ಚರಿಕೆ. ಎರಡನೆಯದು ಅವರ ಪರವಾಗಿ ಇತರರು ವಹಿಸುವ ಎಚ್ಚರಿಕೆ. ಜ್ವರವಿರುವ ಮಗು ಮನೆಯಲ್ಲಿ ಉಳಿದರೆ, ಸಹಪಾಠಿಯ ಮನೆಯಲ್ಲಿರುವ ಅಜ್ಜಿಗೂ ರಕ್ಷಣೆ ದೊರೆಯುತ್ತದೆ. ಎರಡೂ ಜೊತೆಗೂಡಿದಾಗ ಮಾತ್ರ ಕ್ರಮವು ನ್ಯಾಯಯುತವಾಗುತ್ತದೆ.

ಹೊರೆಯು ಎಲ್ಲರಿಗೂ ಸಮನಾಗಿರುವುದಿಲ್ಲ ಎಂಬುದನ್ನೂ ಮರೆಯಬಾರದು. ದಿನಗೂಲಿ ಕಾರ್ಮಿಕರಿಗೆ ಒಂದು ದಿನದ ರಜೆಯೆಂದರೆ ಒಂದು ದಿನದ ಕೂಲಿ ನಷ್ಟ. ಅನಾರೋಗ್ಯದಲ್ಲಿ ಕೆಲಸಕ್ಕೆ ಬಾರದವರ ಕೂಲಿಯನ್ನು ಕಡಿತಗೊಳಿಸದೆ ಮಾಲೀಕರು ಈ ಹೊರೆಯಲ್ಲಿ ಪಾಲ್ಗೊಳ್ಳುವುದು ಯುಕ್ತ.

5. ಆದ್ಯತೆ ಮತ್ತು ಸೌಲಭ್ಯದ ತಲುಪುವಿಕೆ

ಲಸಿಕಾ ಕಾರ್ಯಕ್ರಮವು ದಿನಾಂಕ 16.01.2021ರಂದು ಆರೋಗ್ಯ ಕಾರ್ಯಕರ್ತರಿಂದ ಆರಂಭವಾಯಿತು. ದಿನಾಂಕ 01.03.2021ರಿಂದ 60 ವರ್ಷ ಮೇಲ್ಪಟ್ಟವರಿಗೆ ಹಾಗೂ ನಿಗದಿತ ಕಾಯಿಲೆಗಳುಳ್ಳ 45ರಿಂದ 59 ವರ್ಷದವರಿಗೆ ವಿಸ್ತರಿಸಲಾಯಿತು. ಹೆಚ್ಚು ಅಪಾಯವುಳ್ಳವರಿಗೆ ಮೊದಲು ಎಂಬುದು ಇದರ ತತ್ವ. ಆದರೆ ಹಾಸಿಗೆ ಹಿಡಿದವರಿಗೆ ಹಾಗೂ ನಡೆಯಲಾರದ ವಿಕಲಚೇತನರಿಗೆ ಮನೆಯಲ್ಲಿಯೇ ಲಸಿಕೆ ನೀಡಲು ಅವಕಾಶ ದೊರೆತದ್ದು ಅದೇ ವರ್ಷದ ಸೆಪ್ಟೆಂಬರ್ ತಿಂಗಳಿನಲ್ಲಿ. ಪಟ್ಟಿಯಲ್ಲಿ ಆದ್ಯತೆಯಿದ್ದರೂ ಮನೆಬಾಗಿಲಿಗೆ ತಲುಪದಿದ್ದಲ್ಲಿ ಆ ಆದ್ಯತೆಯು ಅಪೂರ್ಣವೆಂಬುದು ಇದರಿಂದ ದೊರೆತ ಪಾಠ.

6. ಗೌಪ್ಯತೆ ಮತ್ತು ಘನತೆ

ಸಹಾಯ ಒದಗಿಸಲು ಮಾಹಿತಿ ಬೇಕಾಗುತ್ತದೆ. ಆದರೆ ಆರೋಗ್ಯದ ಮಾಹಿತಿಯನ್ನು ಆರೈಕೆಗೆ ಮಾತ್ರ ಬಳಸಬೇಕು. ಕೋವಿಡ್ ರೋಗಿಗಳ ಮನೆಯ ಮುಂದೆ ಭಿತ್ತಿಪತ್ರ ಅಂಟಿಸುವುದಕ್ಕೆ ಸಂಬಂಧಿಸಿದಂತೆ, ಸಕ್ಷಮ ಪ್ರಾಧಿಕಾರದ ನಿರ್ದೇಶನವಿಲ್ಲದೆ ಹಾಗೆ ಮಾಡಬಾರದೆಂದು ಸರ್ವೋಚ್ಚ ನ್ಯಾಯಾಲಯವು ದಿನಾಂಕ 09.12.2020ರಂದು ತಿಳಿಸಿತು. ಗುರುತಿಸಲ್ಪಟ್ಟರೆ ಅವಮಾನವಾದೀತೆಂಬ ಅಂಜಿಕೆಯಿದ್ದಲ್ಲಿ ಜನರು ಪರೀಕ್ಷೆಗೆ ಮುಂದೆ ಬರುವುದಿಲ್ಲ.

7. ಕಾನೂನಿನ ಆಧಾರ

ಅ) ವಿಪತ್ತು ನಿರ್ವಹಣಾ ಅಧಿನಿಯಮ, 2005ರ ಪ್ರಕರಣ 61ರಂತೆ, ಪರಿಹಾರ ಒದಗಿಸುವಾಗ ಲಿಂಗ, ಜಾತಿ, ಸಮುದಾಯ, ವಂಶ ಅಥವಾ ಧರ್ಮದ ಆಧಾರದ ಮೇಲೆ ತಾರತಮ್ಯ ಮಾಡುವಂತಿಲ್ಲ.
ಆ) ಪೋಷಕರ ಹಾಗೂ ಹಿರಿಯ ನಾಗರಿಕರ ನಿರ್ವಹಣೆ ಮತ್ತು ಕಲ್ಯಾಣ ಅಧಿನಿಯಮ, 2007ರ ಪ್ರಕರಣ 20 ಸರ್ಕಾರಿ ಆಸ್ಪತ್ರೆಗಳಲ್ಲಿ ಹಿರಿಯ ನಾಗರಿಕರಿಗೆ ಸಾಧ್ಯವಾದಮಟ್ಟಿಗೆ ಹಾಸಿಗೆ ಹಾಗೂ ಪ್ರತ್ಯೇಕ ಸರತಿ ಸಾಲು ಒದಗಿಸಲು ಅವಕಾಶ ಕಲ್ಪಿಸಿದೆ.
ಇ) ವಿಕಲಚೇತನ ವ್ಯಕ್ತಿಗಳ ಹಕ್ಕುಗಳ ಅಧಿನಿಯಮ, 2016ರ ಪ್ರಕರಣ 8 ಅಪಾಯದ ಸಂದರ್ಭಗಳಲ್ಲಿ ವಿಕಲಚೇತನರಿಗೆ ಸಮಾನ ರಕ್ಷಣೆಯ ಹಕ್ಕನ್ನು ನೀಡಿದೆ.

8. ಸಾರ್ವಜನಿಕರಲ್ಲಿ ಕೋರಿಕೆ

* ಜ್ವರ, ಕೆಮ್ಮು, ನೆಗಡಿ ಇರುವಾಗ ಹಿರಿಯರನ್ನೂ ರೋಗಿಗಳನ್ನೂ ಭೇಟಿಯಾಗುವುದನ್ನು ಮುಂದೂಡುವುದು.
* ಆಸ್ಪತ್ರೆ, ಡಯಾಲಿಸಿಸ್ ಕೇಂದ್ರ ಹಾಗೂ ವೃದ್ಧಾಶ್ರಮಗಳಲ್ಲಿ ಮುಖಗವಸು ಧರಿಸುವುದು, ಕಿಟಕಿಗಳನ್ನು ತೆರೆದಿಡುವುದು.
* ಮುಖಗವಸು ಧರಿಸಿದವರನ್ನು ಹಾಸ್ಯ ಮಾಡದಿರುವುದು, ಕಾರಣ ಕೇಳಿ ಮುಜುಗರಪಡಿಸದಿರುವುದು.
* ಒಂಟಿಯಾಗಿರುವ ನೆರೆಹೊರೆಯ ಹಿರಿಯರಿಗೆ ಔಷಧಿ, ದಿನಸಿ ತಲುಪಿಸಲು ನೆರವಾಗುವುದು.

ಹೆಚ್ಚಿನ ಮಾಹಿತಿಗಾಗಿ ಸಮೀಪದ ಪ್ರಾಥಮಿಕ ಆರೋಗ್ಯ ಕೇಂದ್ರವನ್ನು ಅಥವಾ ಆಶಾ ಕಾರ್ಯಕರ್ತೆಯರನ್ನು ಸಂಪರ್ಕಿಸಬಹುದು. ಹಿರಿಯ ನಾಗರಿಕರು ಉಚಿತ ಸಹಾಯವಾಣಿ ಸಂಖ್ಯೆ 14567ಕ್ಕೆ ಕರೆ ಮಾಡಬಹುದು. ಇಂದು ಆರೋಗ್ಯವಾಗಿರುವವರೂ ಮುಂದೊಂದು ದಿನ ವಯಸ್ಸಿನಿಂದಲೋ ಕಾಯಿಲೆಯಿಂದಲೋ ಇದೇ ಗುಂಪಿಗೆ ಸೇರಬಹುದಾಗಿದೆ. ಆದುದರಿಂದ ಸಾರ್ವಜನಿಕರು ಮೇಲ್ಕಂಡ ಕ್ರಮಗಳನ್ನು ಪಾಲಿಸಿ ಸಹಕರಿಸಬೇಕಾಗಿ ಕೋರಲಾಗಿದೆ.