ಕ್ಯಾನ್ಸರ್ ಚಿಕಿತ್ಸೆಯ ನಂತರ ಉದ್ಯೋಗಕ್ಕೆ ಮರಳುವಿಕೆ

ಕ್ಯಾನ್ಸರ್ ಚಿಕಿತ್ಸೆಯ ನಂತರ ಉದ್ಯೋಗಕ್ಕೆ ಮರಳುವಿಕೆ ಎಂದರೆ ಕ್ಯಾನ್ಸರ್ (ಅರ್ಬುದ) ರೋಗಕ್ಕೆ ತುತ್ತಾದ ವ್ಯಕ್ತಿಯು ಚಿಕಿತ್ಸೆಯ ಅವಧಿಯಲ್ಲಿ ಅಥವಾ ಅದು ಮುಗಿದ ಬಳಿಕ ತನ್ನ ಹಿಂದಿನ ಕೆಲಸಕ್ಕೆ, ಇಲ್ಲವೇ ತನ್ನ ಶಕ್ತಿಗೆ ಹೊಂದುವ ಬೇರೊಂದು ಕೆಲಸಕ್ಕೆ ಸೇರಿ ಅದರಲ್ಲಿ ಮುಂದುವರಿಯುವ ಪ್ರಕ್ರಿಯೆ. ಇದಕ್ಕೆ ಬೇಕಾದ ವೈದ್ಯಕೀಯ ಸಲಹೆ, ಕೆಲಸದ ಸ್ಥಳದಲ್ಲಿ ಮಾಡಿಕೊಡುವ ಅನುಕೂಲಗಳು, ರಜೆ ಮತ್ತು ವೇತನದ ಭದ್ರತೆ ಹಾಗೂ ಕಾನೂನಿನ ರಕ್ಷಣೆ ಇವೆಲ್ಲವೂ ಈ ವಿಷಯದ ವ್ಯಾಪ್ತಿಗೆ ಬರುತ್ತವೆ. ಚಿಕಿತ್ಸೆಯ ಪರಿಣಾಮಗಳು ಹಲವು ವರ್ಷ ಉಳಿಯಬಹುದಾದ್ದರಿಂದ, ಕೆಲಸಕ್ಕೆ ಮತ್ತೆ ಹಾಜರಾಗುವುದಕ್ಕಿಂತಲೂ ಕೆಲಸದಲ್ಲಿ ಉಳಿದುಕೊಳ್ಳುವುದು ಅನೇಕರಿಗೆ ಹೆಚ್ಚು ಕಷ್ಟದ ಸಂಗತಿಯಾಗಿದೆ.

ಹಿನ್ನೆಲೆ

ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯ ಅಂದಾಜಿನಂತೆ 2022ರಲ್ಲಿ ಜಗತ್ತಿನಾದ್ಯಂತ ಸುಮಾರು 2 ಕೋಟಿ ಹೊಸ ಕ್ಯಾನ್ಸರ್ ಪ್ರಕರಣಗಳು ಪತ್ತೆಯಾದವು. ಅವುಗಳಲ್ಲಿ ಸುಮಾರು 14 ಲಕ್ಷ ಪ್ರಕರಣಗಳು ಭಾರತದವು. ರೋಗ ಪತ್ತೆಯಾಗಿ 5 ವರ್ಷಗಳೊಳಗೆ ಜೀವಂತವಾಗಿದ್ದವರ ಸಂಖ್ಯೆ ಜಗತ್ತಿನಲ್ಲಿ 5 ಕೋಟಿಗೂ ಹೆಚ್ಚು. ರೋಗವನ್ನು ಬೇಗನೆ ಪತ್ತೆಹಚ್ಚುವ ವಿಧಾನಗಳು ಮತ್ತು ಚಿಕಿತ್ಸೆ ಸುಧಾರಿಸಿದಂತೆ, ದುಡಿಯುವ ವಯಸ್ಸಿನಲ್ಲಿ ರೋಗಕ್ಕೆ ತುತ್ತಾಗಿ ಚೇತರಿಸಿಕೊಂಡವರ ಸಂಖ್ಯೆಯೂ ಏರಿದೆ.

ಸ್ವತಃ ಕ್ಯಾನ್ಸರ್‌ಗೆ ತುತ್ತಾಗಿದ್ದ ಅಮೆರಿಕದ ವೈದ್ಯ ಫಿಟ್ಜ್‌ಹ್ಯೂ ಮಲ್ಲನ್ 1985ರಲ್ಲಿ 'ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್' ಪತ್ರಿಕೆಯಲ್ಲಿ ಬರೆದ ಲೇಖನವು ಈ ವಿಷಯದ ಚರ್ಚೆಗೆ ತಳಹದಿಯಾಯಿತು. ರೋಗಿಗಳನ್ನು 'ಗುಣವಾದವರು' ಮತ್ತು 'ಗುಣವಾಗದವರು' ಎಂದು ಎರಡಾಗಿ ವಿಂಗಡಿಸುವುದು ಸಾಲದೆಂದು ವಾದಿಸಿದ ಅವರು, ರೋಗ ಪತ್ತೆಯಾದಂದಿನಿಂದ ಆರಂಭವಾಗುವ ಬದುಕನ್ನು ಮೂರು ಹಂತಗಳಲ್ಲಿ ವಿವರಿಸಿದರು.

ಉದ್ಯೋಗದ ಮಹತ್ವ

ಸಂಬಳವು ಮನೆಯ ಖರ್ಚಿಗೂ ಚಿಕಿತ್ಸೆಯ ಸಾಲಕ್ಕೂ ಆಧಾರ. ಅದರೊಂದಿಗೆ ವಿಮೆ, ಭವಿಷ್ಯನಿಧಿ, ಪಿಂಚಣಿ ಮೊದಲಾದ ಸೌಲಭ್ಯಗಳೂ ಉದ್ಯೋಗಕ್ಕೆ ಅಂಟಿಕೊಂಡಿರುತ್ತವೆ. ಉದ್ಯೋಗ ಕಳೆದುಕೊಂಡವರು, ಚಿಕಿತ್ಸೆಯ ಅಗತ್ಯ ಇನ್ನೂ ಇರುವಾಗಲೇ ಸಮೂಹ ಆರೋಗ್ಯ ವಿಮೆಯನ್ನೂ ಕಳೆದುಕೊಳ್ಳುವುದುಂಟು. ದಿನಚರಿ, ಸಹೋದ್ಯೋಗಿಗಳ ಒಡನಾಟ ಮತ್ತು ತಾನು ಉಪಯುಕ್ತ ವ್ಯಕ್ತಿ ಎಂಬ ಭಾವನೆ ಕೆಲಸದಿಂದ ದೊರೆಯುವ ಇತರ ಪ್ರಯೋಜನಗಳು.

2009ರಲ್ಲಿ ಏಂಜೆಲಾ ಡಿ ಬೋರ್ ಮತ್ತು ಸಂಗಡಿಗರು 36 ಅಧ್ಯಯನಗಳನ್ನು ಒಟ್ಟುಗೂಡಿಸಿ ಪ್ರಕಟಿಸಿದ ವಿಶ್ಲೇಷಣೆಯ ಪ್ರಕಾರ, ಕ್ಯಾನ್ಸರ್‌ನಿಂದ ಚೇತರಿಸಿಕೊಂಡವರಲ್ಲಿ ಶೇಕಡಾ 33.8ರಷ್ಟು ಮಂದಿ ನಿರುದ್ಯೋಗಿಗಳಾಗಿದ್ದರು. ಹೋಲಿಕೆಗೆ ತೆಗೆದುಕೊಂಡ ಆರೋಗ್ಯವಂತರಲ್ಲಿ ಈ ಪ್ರಮಾಣ ಶೇಕಡಾ 15.2 ಆಗಿತ್ತು. 2011ರಲ್ಲಿ ಪ್ರಕಟವಾದ ಆನ್ಯಾ ಮೇನರ್ಟ್ ಅವರ ಸಮೀಕ್ಷಾ ಲೇಖನವು, ರೋಗಿಗಳಲ್ಲಿ ಸರಾಸರಿ ಶೇಕಡಾ 63.5ರಷ್ಟು ಮಂದಿ ಕೆಲಸಕ್ಕೆ ಮರಳುತ್ತಾರೆಂದು ತಿಳಿಸಿತು. ಈ ಪ್ರಮಾಣವು ಅಧ್ಯಯನದಿಂದ ಅಧ್ಯಯನಕ್ಕೆ ಶೇಕಡಾ 24ರಿಂದ 94ರವರೆಗೆ ವ್ಯತ್ಯಾಸವಾಗುತ್ತದೆ. ರೋಗದ ಬಗೆ, ಚಿಕಿತ್ಸೆಯ ತೀವ್ರತೆ, ಕೆಲಸದ ಸ್ವರೂಪ, ಉದ್ಯೋಗದಾತರ ಸಹಕಾರ ಇವು ಈ ವ್ಯತ್ಯಾಸಕ್ಕೆ ಕಾರಣಗಳಲ್ಲಿ ಸೇರಿವೆ.

ಅಡೆತಡೆಗಳು

ದೈಹಿಕ ತೊಂದರೆಗಳು

ವಿಶ್ರಾಂತಿ ಪಡೆದರೂ ಕಡಿಮೆಯಾಗದ ಆಯಾಸವು ಅತ್ಯಂತ ಸಾಮಾನ್ಯವಾದ ತೊಂದರೆ. ಹೊರನೋಟಕ್ಕೆ ಕಾಣದ ಕಾರಣ ಇದನ್ನು ಸಹೋದ್ಯೋಗಿಗಳು ಸೋಮಾರಿತನವೆಂದು ತಪ್ಪಾಗಿ ತಿಳಿಯುವ ಸಂಭವವಿದೆ. ಉಳಿದ ತೊಂದರೆಗಳು ರೋಗ ಮತ್ತು ಚಿಕಿತ್ಸೆಗೆ ಅನುಗುಣವಾಗಿ ಬೇರೆಯಾಗುತ್ತವೆ.

- ಸ್ತನ ಕ್ಯಾನ್ಸರ್ ಶಸ್ತ್ರಚಿಕಿತ್ಸೆಯಲ್ಲಿ ಕಂಕುಳಿನ ದುಗ್ಧರಸ ಗ್ರಂಥಿಗಳನ್ನು ತೆಗೆದಾಗ ಆ ಬದಿಯ ತೋಳು ಊದಿಕೊಳ್ಳಬಹುದು. ಭಾರ ಹೊರುವ, ಕಳೆ ಕೀಳುವ ಅಥವಾ ನಾಟಿ ಮಾಡುವ ಮಹಿಳೆಯರಿಗೆ ಇದರಿಂದ ಹೆಚ್ಚು ತೊಂದರೆ. ಆ ಕೈಗೆ ಗಾಯವಾಗಿ ಸೋಂಕು ತಗುಲಿದರೆ ಊತ ಉಲ್ಬಣಿಸಬಹುದು.
- ಕೆಲವು ಕೀಮೋಥೆರಪಿ ಔಷಧಗಳಿಂದ ಕೈಬೆರಳು ಮತ್ತು ಪಾದಗಳು ಜೋಮು ಹಿಡಿಯುತ್ತವೆ. ಹೊಲಿಗೆ, ಬೀಡಿ ಕಟ್ಟುವುದು, ಬೆರಳಚ್ಚು, ವಾಹನ ಚಾಲನೆ ಮುಂತಾದ ಕೆಲಸಗಳಿಗೆ ಇದು ಅಡ್ಡಿಯಾಗುತ್ತದೆ.
- ಬಾಯಿ ಮತ್ತು ಗಂಟಲಿನ ಕ್ಯಾನ್ಸರ್ ಚಿಕಿತ್ಸೆಯ ನಂತರ ಬಾಯಿ ಪೂರ್ಣವಾಗಿ ತೆರೆಯದಿರುವುದು, ಮಾತು ಅಸ್ಪಷ್ಟವಾಗುವುದು, ಭುಜದ ಶಕ್ತಿ ಕುಂದುವುದು ಕಂಡುಬರುತ್ತದೆ. ಶಿಕ್ಷಕರು, ಬಸ್ ನಿರ್ವಾಹಕರು, ಅಂಗಡಿಯವರು ಮೊದಲಾಗಿ ಮಾತನ್ನೇ ಅವಲಂಬಿಸಿದವರಿಗೆ ಇದು ದೊಡ್ಡ ಪೆಟ್ಟು.
- ಕರುಳಿನ ಶಸ್ತ್ರಚಿಕಿತ್ಸೆಯ ಬಳಿಕ ಹೊಟ್ಟೆಯ ಮೇಲೆ ಮಲಸಂಗ್ರಹದ ಚೀಲ ಧರಿಸುವವರಿಗೆ ಸ್ವಚ್ಛವಾದ, ಹತ್ತಿರದ ಶೌಚಾಲಯ ಅತ್ಯಗತ್ಯ.

ಮಾನಸಿಕ ಮತ್ತು ಸಾಮಾಜಿಕ ತೊಂದರೆಗಳು

ಚಿಕಿತ್ಸೆಯ ನಂತರ ಕೆಲವರಲ್ಲಿ ಮರೆವು ಮತ್ತು ಏಕಾಗ್ರತೆಯ ಕೊರತೆ ಕಾಣಿಸಿಕೊಳ್ಳುತ್ತದೆ. ರೋಗ ಮರುಕಳಿಸುವ ಭಯ, ಬದಲಾದ ಮುಖ ಅಥವಾ ದೇಹದ ಬಗ್ಗೆ ಸಂಕೋಚವೂ ಸಹಜ. ಕ್ಯಾನ್ಸರ್ ಅಂಟುರೋಗವಲ್ಲದಿದ್ದರೂ ಹಾಗೆಂದು ನಂಬುವವರು ಇಂದಿಗೂ ಇದ್ದಾರೆ. ಕೆಲಸ ಹೋದೀತೆಂಬ ಅಂಜಿಕೆಯಿಂದ ರೋಗವನ್ನು ಮುಚ್ಚಿಡುವ ನೌಕರರು ತಮಗೆ ಬೇಕಾದ ಅನುಕೂಲವನ್ನು ಕೇಳಲಾರದೆ, ಕೊನೆಗೆ ತಾವಾಗಿಯೇ ರಾಜೀನಾಮೆ ನೀಡುವ ಸ್ಥಿತಿಗೆ ತಲುಪುತ್ತಾರೆ. 'ಪಾಪ, ವಿಶ್ರಾಂತಿ ತೆಗೆದುಕೊಳ್ಳಲಿ' ಎಂಬ ಸದುದ್ದೇಶದಿಂದಲೇ ಜವಾಬ್ದಾರಿಗಳನ್ನು ಕಿತ್ತುಕೊಳ್ಳುವುದೂ ವ್ಯಕ್ತಿಯನ್ನು ಬಡ್ತಿಯಿಂದ ದೂರವಿಡುತ್ತದೆ.

ಬೆಂಬಲದ ವಿಧಾನಗಳು

ಚಿಕಿತ್ಸಾ ತಂಡದ ಪಾತ್ರ

ಚಿಕಿತ್ಸೆಯ ಯೋಜನೆ ರೂಪಿಸುವಾಗಲೇ ರೋಗಿಯ ಉದ್ಯೋಗವೇನೆಂದು ವೈದ್ಯರು ವಿಚಾರಿಸುವುದು ಮೊದಲ ಹೆಜ್ಜೆ. 'ಕೆಲಸಕ್ಕೆ ಯೋಗ್ಯ' ಎಂದಷ್ಟೇ ಬರೆದ ಪ್ರಮಾಣಪತ್ರಕ್ಕಿಂತ, ಎಷ್ಟು ಭಾರ ಎತ್ತಬಹುದು, ಎಷ್ಟು ಹೊತ್ತು ನಿಲ್ಲಬಹುದು, ಯಾವಾಗ ಮರುತಪಾಸಣೆ ಇದೆ ಎಂಬುದನ್ನು ತಿಳಿಸುವ ಪತ್ರ ಹೆಚ್ಚು ಉಪಯುಕ್ತ. ಭೌತಚಿಕಿತ್ಸೆ, ವಾಕ್‌ಚಿಕಿತ್ಸೆ, ಆಪ್ತಸಮಾಲೋಚನೆ ಮತ್ತು ಹಂತಹಂತವಾದ ವ್ಯಾಯಾಮ ಚೇತರಿಕೆಗೆ ಸಹಾಯಕ. ಕಾಕ್ರೇನ್ ಸಂಸ್ಥೆಯು 2015ರಲ್ಲಿ ಪ್ರಕಟಿಸಿದ ಸಮೀಕ್ಷೆಯ ಪ್ರಕಾರ, ದೈಹಿಕ ತರಬೇತಿ, ಮಾನಸಿಕ ಬೆಂಬಲ ಮತ್ತು ಔದ್ಯೋಗಿಕ ಸಲಹೆಗಳನ್ನು ಒಟ್ಟಾಗಿ ನೀಡಿದಾಗ ಕೆಲಸಕ್ಕೆ ಮರಳುವವರ ಪ್ರಮಾಣ ಹೆಚ್ಚುತ್ತದೆ.

ಉದ್ಯೋಗದಾತರ ಪಾತ್ರ

ರಜೆಯ ಅವಧಿಯಲ್ಲಿ ಒತ್ತಡ ಹೇರದೆ ನೌಕರರೊಂದಿಗೆ ಸಂಪರ್ಕದಲ್ಲಿರುವುದು, ಮರಳುವ ಮುನ್ನವೇ ಕುಳಿತು ಮಾತನಾಡಿ ಯೋಜನೆ ರೂಪಿಸುವುದು ಒಳ್ಳೆಯ ಪದ್ಧತಿಗಳು. ಆರಂಭದಲ್ಲಿ ಅರ್ಧ ದಿನದ ಕೆಲಸ, ರಾತ್ರಿ ಪಾಳಿಯಿಂದ ವಿನಾಯಿತಿ, ನಡುವೆ ಸಣ್ಣ ವಿರಾಮಗಳು, ಮನೆಯಿಂದ ಕೆಲಸ ಮಾಡುವ ಅವಕಾಶ, ಭಾರ ಎತ್ತುವ ಕೆಲಸದ ಬದಲು ಬೇರೆ ಹೊಣೆ, ಶಿಕ್ಷಕರಿಗೆ ಧ್ವನಿವರ್ಧಕ ಇವು ಸಾಮಾನ್ಯವಾಗಿ ಸೂಚಿಸುವ ಅನುಕೂಲಗಳು. ಇವುಗಳಲ್ಲಿ ಹೆಚ್ಚಿನವುಗಳಿಗೆ ದೊಡ್ಡ ಖರ್ಚು ತಗಲುವುದಿಲ್ಲ. ರೋಗದ ವಿವರವನ್ನು ನೌಕರರ ಒಪ್ಪಿಗೆಯಿಲ್ಲದೆ ಇತರರಿಗೆ ತಿಳಿಸಬಾರದು. ಸ್ತನ ಕ್ಯಾನ್ಸರ್‌ನ ಹಾರ್ಮೋನ್ ಚಿಕಿತ್ಸೆ 5ರಿಂದ 10 ವರ್ಷ ನಡೆಯುವುದರಿಂದ ಯೋಜನೆಯನ್ನು ಆಗಾಗ ಪರಿಶೀಲಿಸಬೇಕಾಗುತ್ತದೆ.

ವಿವಿಧ ದೇಶಗಳ ಕಾನೂನುಗಳು

- ಬ್ರಿಟನ್: ಇಂಗ್ಲೆಂಡ್, ವೇಲ್ಸ್ ಮತ್ತು ಸ್ಕಾಟ್ಲೆಂಡ್‌ಗಳಲ್ಲಿ ಜಾರಿಯಲ್ಲಿರುವ 2010ರ ಸಮಾನತಾ ಕಾಯ್ದೆಯು ಕ್ಯಾನ್ಸರ್ ಇರುವವರನ್ನು ರೋಗ ಪತ್ತೆಯಾದಂದಿನಿಂದಲೇ ಅಂಗವಿಕಲರೆಂದು ಪರಿಗಣಿಸಿ, ತಾರತಮ್ಯದಿಂದ ರಕ್ಷಿಸುತ್ತದೆ.
- ಅಮೆರಿಕ: 1993ರ ಕೌಟುಂಬಿಕ ಮತ್ತು ವೈದ್ಯಕೀಯ ರಜೆ ಕಾಯ್ದೆಯಡಿ ಅರ್ಹ ನೌಕರರಿಗೆ ವರ್ಷಕ್ಕೆ 12 ವಾರಗಳವರೆಗೆ ಕೆಲಸದ ಭದ್ರತೆಯಿರುವ ರಜೆ ಸಿಗುತ್ತದೆ. ಆದರೆ ಅದು ವೇತನರಹಿತ.
- ಜರ್ಮನಿ: ರೋಗಿಯು ಅನಾರೋಗ್ಯ ಭತ್ಯೆ ಪಡೆಯುತ್ತಲೇ ದಿನಕ್ಕೆ ಕೆಲವು ಗಂಟೆಗಳಿಂದ ಆರಂಭಿಸಿ ಕ್ರಮೇಣ ಪೂರ್ಣಾವಧಿ ಕೆಲಸಕ್ಕೆ ಮರಳುವ ಪದ್ಧತಿಯಿದೆ.
- ನೆದರ್ಲೆಂಡ್ಸ್: ಅನಾರೋಗ್ಯಕ್ಕೊಳಗಾದ ನೌಕರರಿಗೆ ಉದ್ಯೋಗದಾತರು 2 ವರ್ಷಗಳವರೆಗೆ ಕನಿಷ್ಠ ಶೇಕಡಾ 70ರಷ್ಟು ವೇತನ ನೀಡಬೇಕು. ಮರಳುವಿಕೆಯ ಯೋಜನೆಯಲ್ಲಿ ಇಬ್ಬರೂ ಭಾಗವಹಿಸಬೇಕು.
- ಜಪಾನ್: 2006ರ ಕ್ಯಾನ್ಸರ್ ನಿಯಂತ್ರಣ ಕಾಯ್ದೆಗೆ 2016ರಲ್ಲಿ ತಂದ ತಿದ್ದುಪಡಿಯು, ಕ್ಯಾನ್ಸರ್ ರೋಗಿಗಳ ಉದ್ಯೋಗ ಮುಂದುವರಿಯುವಂತೆ ಉದ್ಯೋಗದಾತರು ಪ್ರಯತ್ನಿಸಬೇಕೆಂದು ಹೇಳುತ್ತದೆ.

ಭಾರತದಲ್ಲಿ

ಕ್ಯಾನ್ಸರ್‌ನಿಂದ ಚೇತರಿಸಿಕೊಂಡವರ ಉದ್ಯೋಗಕ್ಕೆಂದೇ ರೂಪಿಸಿದ ಪ್ರತ್ಯೇಕ ಕೇಂದ್ರ ಕಾಯ್ದೆ ಭಾರತದಲ್ಲಿಲ್ಲ. ಬೇರೆ ಬೇರೆ ನಿಯಮಗಳಿಂದ ದೊರೆಯುವ ರಕ್ಷಣೆ ಹೀಗಿದೆ.

ನೌಕರರ ರಾಜ್ಯ ವಿಮಾ ಯೋಜನೆಗೆ (ಇಎಸ್‌ಐ) ಒಳಪಟ್ಟ ಕಾರ್ಮಿಕರಿಗೆ ಸಾಮಾನ್ಯ ಅನಾರೋಗ್ಯ ಭತ್ಯೆಯು ವರ್ಷದಲ್ಲಿ 91 ದಿನಗಳವರೆಗೆ, ವೇತನದ ಶೇಕಡಾ 70ರ ದರದಲ್ಲಿ ದೊರೆಯುತ್ತದೆ. ಕ್ಯಾನ್ಸರ್ ಸೇರಿದಂತೆ 34 ದೀರ್ಘಕಾಲೀನ ರೋಗಗಳಿಗೆ, ನಿಗದಿತ ಷರತ್ತುಗಳಿಗೆ ಒಳಪಟ್ಟು, ಶೇಕಡಾ 80ರ ದರದಲ್ಲಿ ಗರಿಷ್ಠ 2 ವರ್ಷಗಳವರೆಗೆ ವಿಸ್ತರಿತ ಭತ್ಯೆಯಿದೆ.

2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯು 21 ಬಗೆಯ ವೈಕಲ್ಯಗಳನ್ನು ಪಟ್ಟಿಮಾಡಿದ್ದು, ಕ್ಯಾನ್ಸರ್ ಅದರಲ್ಲಿ ಸೇರಿಲ್ಲ. ಆದರೆ ರೋಗದ ಪರಿಣಾಮವಾಗಿ ಉಂಟಾದ ವೈಕಲ್ಯಕ್ಕೆ ಕಾಯ್ದೆ ಅನ್ವಯಿಸಬಹುದು. ಉದಾಹರಣೆಗೆ, ಧ್ವನಿಪೆಟ್ಟಿಗೆಯನ್ನು ತೆಗೆದುದರಿಂದ ಬಂದ ಶಾಶ್ವತ ವಾಕ್‌ವೈಕಲ್ಯವನ್ನು ಪಟ್ಟಿಯಲ್ಲಿ ಸ್ಪಷ್ಟವಾಗಿ ಹೆಸರಿಸಲಾಗಿದೆ. ಸೇವೆಯಲ್ಲಿರುವಾಗ ವೈಕಲ್ಯಕ್ಕೆ ಒಳಗಾದ ನೌಕರರನ್ನು ಸರ್ಕಾರಿ ಸಂಸ್ಥೆಗಳು ಕೆಲಸದಿಂದ ತೆಗೆಯುವಂತಿಲ್ಲ, ಹಿಂಬಡ್ತಿ ನೀಡುವಂತಿಲ್ಲ. ಹಳೆಯ ಹುದ್ದೆಗೆ ಹೊಂದದಿದ್ದರೆ ಅದೇ ವೇತನಶ್ರೇಣಿಯ ಬೇರೆ ಹುದ್ದೆಗೆ ವರ್ಗಾಯಿಸಬಹುದು. ಅಂತಹ ಹುದ್ದೆ ಇಲ್ಲದಿದ್ದರೆ ಹೆಚ್ಚುವರಿ ಹುದ್ದೆಯಲ್ಲಿ ಮುಂದುವರಿಸಬಹುದು. ಕಾಯ್ದೆಯ ಈ ಕಲಂ ಖಾಸಗಿ ಸಂಸ್ಥೆಗಳನ್ನು ಒಳಗೊಳ್ಳುವುದಿಲ್ಲ. ಕಣ್ಣಿಗೆ ಕಾಣದ ಆಯಾಸ, ಮರೆವುಗಳಿಂದ ಬಳಲುವವರೂ ಸಾಮಾನ್ಯವಾಗಿ ಇದರ ಹೊರಗೇ ಉಳಿಯುತ್ತಾರೆ.

ಕರ್ನಾಟಕ ಸರ್ಕಾರಿ ನೌಕರರು ಗಳಿಕೆ ರಜೆ, ಅರ್ಧವೇತನ ರಜೆ, ಪರಿವರ್ತಿತ ರಜೆಗಳನ್ನು ಚಿಕಿತ್ಸೆಗೆ ಬಳಸಿಕೊಳ್ಳುತ್ತಾರೆ. ರಜೆಯೆಲ್ಲವೂ ಚಿಕಿತ್ಸೆಯಲ್ಲೇ ಮುಗಿದುಹೋದರೆ ಮುಂದಿನ ಮರುತಪಾಸಣೆಗಳಿಗೆ ವೇತನರಹಿತ ರಜೆಯೇ ಗತಿಯಾಗುತ್ತದೆ.

ಇನ್ನೊಂದೆಡೆ, 1947ರ ಕೈಗಾರಿಕಾ ವಿವಾದಗಳ ಕಾಯ್ದೆಯು ನಿರಂತರ ಅನಾರೋಗ್ಯದ ಕಾರಣಕ್ಕೆ ಸೇವೆ ಕೊನೆಗೊಳಿಸುವುದನ್ನು 'ಹಿಂಬರಿಸುವಿಕೆ' ಅಥವಾ ರಿಟ್ರೆಂಚ್‌ಮೆಂಟ್‌ನ ವ್ಯಾಖ್ಯೆಯಿಂದ ಹೊರಗಿಟ್ಟಿತ್ತು. ಹೀಗಾಗಿ ರಿಟ್ರೆಂಚ್‌ಮೆಂಟ್‌ಗೆ ಒಳಗಾದ ಕಾರ್ಮಿಕರಿಗೆ ಆ ಕಾಯ್ದೆ ನೀಡಿದ ರಕ್ಷಣೆ ದೀರ್ಘಕಾಲದ ರೋಗಿಗಳಿಗೆ ದೊರೆಯಲಿಲ್ಲ.

ಅಸಂಘಟಿತ ವಲಯ

ಭಾರತದ ಬಹುಪಾಲು ದುಡಿಮೆಗಾರರು ಅಸಂಘಟಿತ ವಲಯದಲ್ಲಿದ್ದಾರೆ. ಕೃಷಿ ಕೂಲಿಕಾರರು, ಕಟ್ಟಡ ಕಾರ್ಮಿಕರು, ಮನೆಗೆಲಸದವರು, ಬೀದಿ ವ್ಯಾಪಾರಿಗಳು ಇವರಿಗೆ ವೇತನಸಹಿತ ರಜೆಯಾಗಲಿ, ಹುದ್ದೆಯ ಭದ್ರತೆಯಾಗಲಿ ಇಲ್ಲ. ಅವರ ಪಾಲಿಗೆ 'ಹಂತಹಂತವಾಗಿ ಮರಳುವಿಕೆ' ಎಂದರೆ ಕೂಲಿಯೂ ಅರ್ಧವಾಗುವುದು. ಬೆಂಗಳೂರಿನ ಕಿದ್ವಾಯಿ ಸ್ಮಾರಕ ಗಂತಿ ಸಂಸ್ಥೆಯಂತಹ ಆಸ್ಪತ್ರೆಗಳಿಗೆ ದೂರದ ಜಿಲ್ಲೆಗಳಿಂದ ಬರುವವರಿಗೆ ಪ್ರತಿ ಮರುತಪಾಸಣೆಯೂ ಕೆಲವು ದಿನಗಳ ಕೂಲಿಯ ನಷ್ಟ. ಜೊತೆಗೆ ಬರುವ ಮನೆಯವರ ದುಡಿಮೆಯೂ ಅಷ್ಟು ದಿನ ನಿಲ್ಲುತ್ತದೆ. ಇದರಿಂದಾಗಿ ಪೂರ್ಣ ಚೇತರಿಕೆಗೆ ಮುನ್ನವೇ ಕೆಲಸಕ್ಕೆ ಹೋಗುವುದು, ತಪಾಸಣೆಯನ್ನೇ ಕೈಬಿಡುವುದು ಎರಡೂ ನಡೆಯುತ್ತವೆ. ಸರ್ಕಾರದ ಆರೋಗ್ಯ ವಿಮಾ ಯೋಜನೆಗಳು ಮುಖ್ಯವಾಗಿ ಚಿಕಿತ್ಸೆಯ ವೆಚ್ಚವನ್ನು ಭರಿಸುತ್ತವೆಯೇ ಹೊರತು ಕಳೆದುಹೋದ ದುಡಿಮೆಯನ್ನು ತುಂಬಿಕೊಡುವುದಿಲ್ಲ.

ವೇತನವಿಲ್ಲದ ಮನೆಗೆಲಸವೂ ಈ ಚರ್ಚೆಯಲ್ಲಿ ಸಾಮಾನ್ಯವಾಗಿ ಬಿಟ್ಟುಹೋಗುತ್ತದೆ. ಚಿಕಿತ್ಸೆ ಮುಗಿಸಿ ಮನೆಗೆ ಬಂದ ಗೃಹಿಣಿ ಕೆಲವೇ ದಿನಗಳಲ್ಲಿ ನೀರು ಹೊರುವ, ಅಡುಗೆ ಮಾಡುವ, ಬಟ್ಟೆ ಒಗೆಯುವ ಕೆಲಸಗಳಿಗೆ ತೊಡಗುತ್ತಾಳೆ. ಅವಳ ಮರಳುವಿಕೆಗೆ ರಜೆಯೂ ಇಲ್ಲ, ವೈದ್ಯಕೀಯ ಪ್ರಮಾಣಪತ್ರವೂ ಇಲ್ಲ. ಅಂತಹವರಿಗೆ ಯಾವ ಕೆಲಸವನ್ನು ಎಷ್ಟು ಕಾಲ ಮಾಡಬಾರದೆಂಬ ಸಲಹೆಯನ್ನು, ಆಸ್ಪತ್ರೆಯಿಂದ ಬಿಡುಗಡೆಯಾಗುವಾಗಲೇ ಮನೆಯ ಇತರ ಸದಸ್ಯರ ಸಮ್ಮುಖದಲ್ಲಿ ನೀಡುವುದು ಉಪಯುಕ್ತ.