ಇ20 ಪೆಟ್ರೋಲ್ ಮತ್ತು ಸಾಮಾನ್ಯ ಕಾರಿನ ಎಂಜಿನ್: ಒಂದು ಪರಿಶೀಲನೆ

ಬೆಂಗಳೂರಿನಲ್ಲಿ 2023ರ ಫೆಬ್ರವರಿ 6ರಂದು ಪ್ರಧಾನಿಯವರು ಶೇ. 20 ಎಥನಾಲ್ ಬೆರೆತ ಇ20 ಪೆಟ್ರೋಲನ್ನು ಬಿಡುಗಡೆ ಮಾಡಿದಾಗ ಅದು ಸಿಗುತ್ತಿದ್ದುದು 11 ರಾಜ್ಯ ಹಾಗೂ ಕೇಂದ್ರಾಡಳಿತ ಪ್ರದೇಶಗಳ 84 ಬಂಕುಗಳಲ್ಲಿ ಮಾತ್ರ. 2025ರ ಹೊತ್ತಿಗೆ ದೇಶದ ಬಹುತೇಕ ಬಂಕುಗಳಲ್ಲಿ ಅದೇ ಸಾಮಾನ್ಯ ಪೆಟ್ರೋಲ್ ಆಯಿತು. ಜೊತೆಗೇ ಜಗಳವೂ ಶುರುವಾಯಿತು. ಎಥನಾಲ್ ಹಳೆಯ ಎಂಜಿನ್ನನ್ನು ತಿಂದುಹಾಕುತ್ತದೆ ಎಂದು ಒಂದು ಪಕ್ಷ, ಏನೂ ಆಗದು ಎಂದು ಇನ್ನೊಂದು ಪಕ್ಷ. ಎರಡೂ ಪಕ್ಷಗಳು ನಷ್ಟವನ್ನು ಅದು ಇಲ್ಲದ ಕಡೆ ಹುಡುಕುತ್ತಿವೆ ಎಂಬುದು ಈ ಲೇಖನದ ವಾದ. ಇಂದು ರಸ್ತೆಯಲ್ಲಿರುವ ಸಾಮಾನ್ಯ ಕಾರಿನ ಎಂಜಿನ್ ಶೇ. 20ರಷ್ಟು ಎಥನಾಲನ್ನು ಬಹುಮಟ್ಟಿಗೆ ತಾಳಿಕೊಳ್ಳುತ್ತದೆ. ಆದರೆ ಎಥನಾಲಿನ ಒಳ್ಳೆಯ ಗುಣವನ್ನು ಬಳಸಿಕೊಳ್ಳುವ ಶಕ್ತಿ ಅದಕ್ಕಿಲ್ಲ. ನಷ್ಟದ ಬೇರು ಇರುವುದು ಇಲ್ಲಿ.

ಮಿಶ್ರಣದ ಯೋಚನೆ ಹೊಸದಲ್ಲ. ಸಕ್ಕರೆ ಕಾರ್ಖಾನೆಯ ಕಾಕಂಬಿಯಿಂದ ಬರುವ ಮದ್ಯಸಾರವನ್ನು, ಅಂದರೆ ಎಥನಾಲನ್ನು, ಪೆಟ್ರೋಲಿಗೆ ಬೆರೆಸಲು 1948ರಲ್ಲೇ ಕೇಂದ್ರದ ಕಾಯ್ದೆಯೊಂದು ಬಂದಿತ್ತು. ಈಗಿನ ಕಾರ್ಯಕ್ರಮ ಶುರುವಾದದ್ದು 2003ರ ಜನವರಿಯಲ್ಲಿ, 9 ರಾಜ್ಯಗಳಲ್ಲಿ ಶೇ. 5ರ ಮಿಶ್ರಣದೊಂದಿಗೆ, ಕರ್ನಾಟಕವೂ ಅವುಗಳಲ್ಲಿ ಒಂದು. ಶೇ. 10 ತಲುಪಲು 2022ರ ಜೂನ್ ತನಕ ಕಾಯಬೇಕಾಯಿತು. 2018ರ ಜೈವಿಕ ಇಂಧನ ನೀತಿ ಶೇ. 20ಕ್ಕೆ 2030ರ ಗಡುವು ಇಟ್ಟಿತ್ತು. ಆಮೇಲೆ ಅದನ್ನು 2025-26ಕ್ಕೆ ಎಳೆದು ತರಲಾಯಿತು. ಮೊದಲ ಇಪ್ಪತ್ತು ವರ್ಷ ಆಮೆಯ ನಡಿಗೆಯಲ್ಲಿ ಸಾಗಿದ್ದು ಕೊನೆಯ ಮೂರು ವರ್ಷದಲ್ಲಿ ಓಡಿತು. ಕಾರುಗಳು ಮಾತ್ರ ಅಷ್ಟು ಬೇಗ ಬದಲಾಗುವುದಿಲ್ಲ. ಒಮ್ಮೆ ಕೊಂಡ ಕಾರು ಹದಿನೈದು ವರ್ಷ ಓಡುವ ದೇಶ ಇದು.

ಮೊದಲು ಶಕ್ತಿಯ ಲೆಕ್ಕ. ಒಂದು ಲೀಟರ್ ಪೆಟ್ರೋಲಿನಲ್ಲಿ ಸುಮಾರು 32 ಮೆಗಾಜೂಲ್ ಶಕ್ತಿಯಿದ್ದರೆ ಒಂದು ಲೀಟರ್ ಎಥನಾಲಿನಲ್ಲಿರುವುದು 21 ಚಿಲ್ಲರೆ. ಎಥನಾಲಿನ ತೂಕದಲ್ಲಿ ಮೂರನೆಯ ಒಂದು ಪಾಲಿಗಿಂತ ತುಸು ಹೆಚ್ಚು ಆಮ್ಲಜನಕವೇ ಆಗಿರುವುದು ಇದಕ್ಕೆ ಕಾರಣ. ಆ ಪಾಲು ಉರಿಯುವುದಿಲ್ಲ. ಹೀಗಾಗಿ ಒಂದು ಲೀಟರ್ ಇ20ರಲ್ಲಿ ಶುದ್ಧ ಪೆಟ್ರೋಲಿಗಿಂತ ಶೇ. 6.7ರಷ್ಟು ಶಕ್ತಿ ಕಡಿಮೆ. ನೀತಿ ಆಯೋಗ 2021ರ ಜೂನ್‌ನಲ್ಲಿ ಹೊರತಂದ ಮಾರ್ಗಸೂಚಿಯೂ ಶುದ್ಧ ಪೆಟ್ರೋಲಿಗಾಗಿ ವಿನ್ಯಾಸಗೊಂಡು ಇ10ಕ್ಕೆ ಹೊಂದಿಸಿದ ಕಾರುಗಳಲ್ಲಿ ಶೇ. 6ರಿಂದ 7ರಷ್ಟು ಮೈಲೇಜ್ ಇಳಿಯುತ್ತದೆಂದೇ ಅಂದಾಜಿಸಿದೆ. ಲೀಟರಿಗೆ 15 ಕಿ.ಮೀ. ಕೊಡುವ ಕಾರು 14ರ ಆಸುಪಾಸಿಗೆ ಇಳಿಯುತ್ತದೆ ಎಂದರ್ಥ. ತಿಂಗಳಿಗೆ 1,000 ಕಿ.ಮೀ. ಓಡಿಸುವವರಿಗೆ ನಾಲ್ಕರಿಂದ ಐದು ಲೀಟರ್ ಹೆಚ್ಚು ಬೇಕು. ಇದು ಶುದ್ಧ ಪೆಟ್ರೋಲಿನಿಂದ ಅಳೆದ ಅಂತರ ಎಂಬುದನ್ನು ಮರೆಯಬಾರದು. ಈಗಾಗಲೇ ಇ10 ಹಾಕಿಸುತ್ತಿದ್ದವರಿಗೆ ಹೊಸದಾಗಿ ಬಿದ್ದ ಹೊರೆ ಇದರ ಅರ್ಧ. ಟೈರಿನ ಗಾಳಿ, ಎಸಿ, ಟ್ರಾಫಿಕ್ ಇಷ್ಟರಿಂದಲೇ ಒಂದು ಟ್ಯಾಂಕಿಗೂ ಇನ್ನೊಂದಕ್ಕೂ ಇದಕ್ಕಿಂತ ದೊಡ್ಡ ವ್ಯತ್ಯಾಸ ಬರುತ್ತದೆ. ಆದ್ದರಿಂದ ಮೈಲೇಜ್ ಅರ್ಧಕ್ಕೆ ಬಿತ್ತು ಎಂಬ ದೂರನ್ನೂ ಏನೂ ವ್ಯತ್ಯಾಸವಿಲ್ಲ ಎಂಬ ಸಮಾಧಾನವನ್ನೂ ಸಾಕ್ಷ್ಯವೆಂದು ಒಪ್ಪುವುದು ಕಷ್ಟ.

ಎರಡನೆಯದು ಗಾಳಿ ಮತ್ತು ಇಂಧನದ ಹದ. ಒಂದು ಕಿಲೋ ಪೆಟ್ರೋಲ್ ಪೂರ್ತಿ ಉರಿಯಲು 14.7 ಕಿಲೋ ಗಾಳಿ ಬೇಕು. ಎಥನಾಲಿಗೆ 9 ಕಿಲೋ ಸಾಕು. ಇ20ಕ್ಕೆ ಈ ಅಂಕಿ ಸುಮಾರು 13.5. ಕಾರ್ಬ್ಯುರೇಟರಿನ ಹಿತ್ತಾಳೆ ಜೆಟ್ಟಿನ ತೂತಿಗೆ ಇದು ತಿಳಿಯುವುದಿಲ್ಲ. ಅದು ಹಿಂದಿನಷ್ಟೇ ಅಳತೆಯಲ್ಲಿ ಇಂಧನ ಬಿಡುತ್ತದೆ, ಮಿಶ್ರಣ ಶೇ. 7ರಷ್ಟು ತೆಳುವಾಗುತ್ತದೆ. ಕಾರು ಜಗ್ಗುತ್ತದೆ, ಬೆಳಗ್ಗೆ ಬೇಗ ಸ್ಟಾರ್ಟ್ ಆಗುವುದಿಲ್ಲ. ಇಂಜೆಕ್ಷನ್ ಇರುವ ಕಾರುಗಳ ಕಥೆ ಬೇರೆ. ಹೊಗೆಕೊಳವೆಯಲ್ಲಿರುವ ಆಮ್ಲಜನಕ ಸೆನ್ಸರ್ ಕೊಡುವ ಸುದ್ದಿ ನೋಡಿ ಎಂಜಿನ್ನಿನ ಕಂಪ್ಯೂಟರ್ ಇಂಜೆಕ್ಟರನ್ನು ತುಸು ಹೆಚ್ಚು ಹೊತ್ತು ತೆರೆದಿಡುತ್ತದೆ. ಶುದ್ಧ ಪೆಟ್ರೋಲಿಗೆ ಹೊಂದಿಸಿದ ಕಾರಿಗೆ ಸ್ಕ್ಯಾನರ್ ಜೋಡಿಸಿ ನೋಡಿದರೆ ಈ ತಿದ್ದುಪಡಿ ಶೇ. 7ರ ಆಸುಪಾಸಿನಲ್ಲಿರಬೇಕು. ವ್ಯವಸ್ಥೆಗೆ ಇರುವ ಅವಕಾಶ ಸಾಮಾನ್ಯವಾಗಿ ಇದರ ಎರಡು, ಮೂರು ಪಟ್ಟು. ಆದರೆ ಇಂಜೆಕ್ಟರಿನಲ್ಲಿ ಕಸ ಕಟ್ಟಿದ್ದರೆ ಅಥವಾ ಪಂಪ್ ಸೋತಿದ್ದರೆ ಆ ಅವಕಾಶದ ಒಂದು ಪಾಲು ಆಗಲೇ ಖರ್ಚಾಗಿರುತ್ತದೆ. ಅಂಥ ಕಾರಿಗೆ ಎಥನಾಲ್ ಹೊರೆಯ ಮೇಲಿನ ಕೊನೆಯ ಹುಲ್ಲುಕಡ್ಡಿಯಾಗಬಹುದು. ಪೂರ್ತಿ ಆಕ್ಸಿಲರೇಟರ್ ತುಳಿದಾಗ, ಎಂಜಿನ್ ಇನ್ನೂ ತಣ್ಣಗಿರುವಾಗ ಕಂಪ್ಯೂಟರ್ ಸೆನ್ಸರಿನ ಮಾತು ಕೇಳುವುದಿಲ್ಲ. ಮೊದಲೇ ಕಲಿತಿಟ್ಟ ಲೆಕ್ಕವನ್ನು ನೆಚ್ಚುತ್ತದೆ.

ಮೂರನೆಯದು ರಬ್ಬರ್, ಲೋಹ ಮತ್ತು ನೀರು. ಗ್ಯಾರೇಜಿನವರ ಅನುಮಾನಗಳಲ್ಲಿ ಹುರುಳಿರುವುದು ಇಲ್ಲಿ. ಹಳೆಯ ನೈಟ್ರೈಲ್ ರಬ್ಬರಿನ ಹೋಸ್, ಸೀಲುಗಳು ಎಥನಾಲ್ ಹೀರಿ ಉಬ್ಬುತ್ತವೆ, ಒಣಗಿದಾಗ ಬಿರುಕು ಬಿಡುತ್ತವೆ. ಫ್ಲೋರೋ ರಬ್ಬರಿಗೆ ಹಾಗಾಗುವುದಿಲ್ಲ. ಹಳೆಯ ಟ್ಯಾಂಕಿನ ತಳದ ಅಂಟನ್ನು ಎಥನಾಲ್ ಸಡಿಲಿಸುವುದರಿಂದ ಮೊದಲ ಕೆಲವು ಟ್ಯಾಂಕುಗಳಲ್ಲಿ ಫಿಲ್ಟರ್ ಕಟ್ಟಿಕೊಳ್ಳುವುದುಂಟು. ನೀರಿನ ಕಾಟವನ್ನು ಕಣ್ಣಾರೆ ಕಾಣುವುದು ಸುಲಭ. ಗೆರೆ ಹಾಕಿದ ಗಾಜಿನ ಕೊಳವೆಯಲ್ಲಿ 90 ಮಿ.ಲೀ. ಇ20 ಮತ್ತು 10 ಮಿ.ಲೀ. ನೀರು ಹಾಕಿ, ಬಾಯಿ ಮುಚ್ಚಿ ಕುಲುಕಿ, ನಿಲ್ಲಿಸಿಡಬೇಕು. ಮೊದಲು ಮಜ್ಜಿಗೆಯ ಬಣ್ಣಕ್ಕೆ ತಿರುಗಿ ಆಮೇಲೆ ತಿಳಿಯಾಗುತ್ತದೆ. 10ರ ಗೆರೆಯಲ್ಲಿ ನಿಲ್ಲಬೇಕಿದ್ದ ಕೆಳಪದರ 20ನ್ನು ದಾಟಿ ಮೇಲೇರಿರುತ್ತದೆ: ನೀರು ಪೆಟ್ರೋಲಿನೊಳಗಿನ ಮದ್ಯಸಾರವನ್ನು ತನ್ನ ಕಡೆಗೆ ಎಳೆದುಕೊಂಡಿದೆ. ಟ್ಯಾಂಕಿನಲ್ಲೂ ನೀರು ಮಿತಿಮೀರಿದರೆ ಹೀಗೆಯೇ. ಪಂಪ್ ಹೀರುವುದು ತಳದಿಂದ. ಎಂಜಿನ್ನಿಗೆ ಹೋಗುವುದು ನೀರು ಬೆರೆತ ಮದ್ಯಸಾರ, ಮೇಲೆ ಉಳಿಯುವುದು ಆಕ್ಟೇನ್ ಕಳೆದುಕೊಂಡ ಪೆಟ್ರೋಲ್. ದಿನವೂ ಓಡುವ, ವಾರಕ್ಕೊಮ್ಮೆ ಟ್ಯಾಂಕ್ ತುಂಬಿಸುವ ಕಾರಿಗೆ ಇದರ ಭಯ ಕಡಿಮೆ. ಕರಾವಳಿಯ ಮಳೆಗಾಲದಲ್ಲಿ ಅರ್ಧ ಟ್ಯಾಂಕಿನೊಂದಿಗೆ ತಿಂಗಳುಗಟ್ಟಲೆ ನಿಂತಿರುವ ಕಾರಿನ ಬಗ್ಗೆ ಆ ಮಾತು ಹೇಳಲಾಗದು. ಬಂಕಿನ ನೆಲದಡಿಯ ಟ್ಯಾಂಕಿಗೂ ಇದೇ ಎಚ್ಚರ ಬೇಕು.

ಇನ್ನು ಎಥನಾಲಿನ ಒಳ್ಳೆಯ ಗುಣ. ಅದರ ಆಕ್ಟೇನ್ ಸಂಖ್ಯೆ 108ರ ಆಸುಪಾಸು. ಬಿಎಸ್-6 ಪೆಟ್ರೋಲಿನ ಕನಿಷ್ಠ ಮಿತಿ 91. ಜೊತೆಗೆ ಅದು ಆವಿಯಾಗುವಾಗ ಪೆಟ್ರೋಲಿನ ಎರಡೂವರೆ ಪಟ್ಟು ಶಾಖ ಹೀರುವುದರಿಂದ ಸಿಲಿಂಡರಿಗೆ ಹೋಗುವ ಗಾಳಿ ತಂಪಾಗುತ್ತದೆ. ಎರಡೂ ಎಂಜಿನ್ ಬಡಿತವನ್ನು (ನಾಕ್) ತಡೆಯುತ್ತವೆ. ಬಡಿತದ ಭಯವಿಲ್ಲದಿದ್ದರೆ ಸಂಪೀಡನ ಅನುಪಾತ ಏರಿಸಬಹುದು. ಅದು ಏರಿದರೆ ಅದೇ ಶಕ್ತಿಯಿಂದ ಹೆಚ್ಚು ಕೆಲಸ ಸಿಗುತ್ತದೆ. ಪೆಟ್ರೋಲ್ ಎಂಜಿನ್ನಿನ ಆದರ್ಶ ಮಾದರಿಯಾದ ಒಟ್ಟೊ ಚಕ್ರದ ಸೂತ್ರದ ಪ್ರಕಾರ ಈ ಅನುಪಾತ 10ರಿಂದ 12ಕ್ಕೆ ಏರಿದರೆ ದಕ್ಷತೆ ಶೇ. 5ರಷ್ಟು ಸುಧಾರಿಸುತ್ತದೆ. ಇ20ರಲ್ಲಿ ಕಳೆದುಕೊಂಡ ಶಕ್ತಿಯ ಬಹುಪಾಲು ಇದರಲ್ಲೇ ಮರಳಿ ಬಂದಂತೆ. ಆದರೆ ಈ ಅನುಪಾತ ಪಿಸ್ಟನ್ ಮತ್ತು ಸಿಲಿಂಡರ್ ಹೆಡ್ಡಿನ ಆಕಾರದಲ್ಲಿ ಅಚ್ಚಾಗಿರುವ ಸಂಗತಿ, ಸಾಫ್ಟ್‌ವೇರ್ ಬದಲಿಸಿ ತರುವಂಥದ್ದಲ್ಲ. ನಾಕ್ ಸೆನ್ಸರ್ ಇರುವ ಕಾರು ಕಿಡಿಯ ಸಮಯವನ್ನು ತುಸು ಮುಂದೆ ತಂದು ಸ್ವಲ್ಪ ಲಾಭ ಮಾಡಿಕೊಂಡೀತು, ಅಷ್ಟೇ. ಶೇ. 20 ಮಿಶ್ರಣದಿಂದ ಪೆಟ್ರೋಲಿನ ಆಕ್ಟೇನ್ 95ಕ್ಕೆ ಏರಿದೆ ಎಂದು ಪೆಟ್ರೋಲಿಯಂ ಸಚಿವಾಲಯ ಹೇಳುವುದು ಸರಿಯೇ. 91ಕ್ಕಾಗಿ ಮಾಡಿದ ಎಂಜಿನ್ನಿನ ಒಡೆಯನಿಗೆ ಅದರಿಂದ ದಕ್ಕುವುದು ಬಹಳ ಕಡಿಮೆ.

ಹಾಗಾದರೆ ವ್ಯತ್ಯಾಸದ ದುಡ್ಡು ಯಾರು ಕೊಡಬೇಕು? ನೀತಿ ಆಯೋಗದ ಮಾರ್ಗಸೂಚಿ ಇದನ್ನು ಮರೆತಿರಲಿಲ್ಲ. ಶಕ್ತಿ ಕಡಿಮೆಯಿರುವ ಇಂಧನದ ಬೆಲೆಯೂ ಕಡಿಮೆಯಿರಬೇಕು, ಹಳೆಯ ವಾಹನಗಳಿಗಾಗಿ ಇ10 ಸಿಗುತ್ತಿರಬೇಕು ಎಂದು ಅದು ಸೂಚಿಸಿತ್ತು. ಇ20 ದೇಶಕ್ಕೆಲ್ಲ ಹರಡಿದಾಗ ಗ್ರಾಹಕನಿಗೆ ಇವೆರಡೂ ಸಿಗಲಿಲ್ಲ. ಕಚ್ಚಾತೈಲದ ಆಮದು ಉಳಿತಾಯವೂ ಕಬ್ಬು, ಮೆಕ್ಕೆಜೋಳದ ಬೆಳೆಗಾರರಿಗೆ ಸಿಗುವ ಮಾರುಕಟ್ಟೆಯೂ ನಿಜವಾದ ಲಾಭಗಳೇ. ಆ ಲಾಭದ ಒಂದಂಶವನ್ನು ಕಾರು, ಬೈಕಿನವರು ಲೀಟರ್ ಲೆಕ್ಕದಲ್ಲಿ ತೆರುತ್ತಿದ್ದಾರೆ ಎಂಬುದನ್ನು ಮಾತ್ರ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. 1975ರಿಂದ ಈ ದಾರಿಯಲ್ಲಿರುವ ಬ್ರೆಜಿಲ್‌ನಲ್ಲಿ ಬಂಕಿನ ಫಲಕದ ಮೇಲೆ ಎಥನಾಲ್ ಮತ್ತು ಮಿಶ್ರ ಪೆಟ್ರೋಲ್ ಎರಡರ ಬೆಲೆಯೂ ಇರುತ್ತದೆ. ಎಥನಾಲಿನ ಬೆಲೆ ಪೆಟ್ರೋಲಿನ ಶೇ. 70ಕ್ಕಿಂತ ಕಡಿಮೆಯಿದ್ದರೆ ಎಥನಾಲ್, ಇಲ್ಲದಿದ್ದರೆ ಪೆಟ್ರೋಲ್: ಅಲ್ಲಿನ ಚಾಲಕರು ಇಷ್ಟನ್ನು ಮನಸ್ಸಿನಲ್ಲೇ ಲೆಕ್ಕ ಹಾಕಿ ಯಾವ ನಳಿಕೆ ಎಂದು ಹೇಳುತ್ತಾರೆ.