ಸಂತೆಯಲ್ಲಿ ಕೂತ ಬಾಟ್: ಸ್ಟೀಮ್ ವಿನಿಮಯದ ಸಣ್ಣ ಚರಿತ್ರೆ

ಕನ್ನಡ ಎಂ.ಎ. ಓದುವವನು ಗೇಮಿನ ವಿಷಯ ಯಾಕ ತಗೊಂಡ ಅಂತ ನೀವು ಕೇಳಬಹುದು. ವ್ಯಾಪಾರದ ಚರಿತ್ರೆಗೆ ನಾವು ಶಾಸನ, ಕಡತ, ಲೆಕ್ಕದ ವಹಿ ನೋಡುತ್ತೇವೆ. ನಾನು ಹೇಳಹೊರಟ ಸಂತೆಯಲ್ಲಿ ವ್ಯಾಪಾರಿಯ ವಿವೇಕ ಪ್ರೋಗ್ರಾಮಿನ ಸಾಲುಗಳಲ್ಲಿದೆ.

2010ರ ಸೆಪ್ಟೆಂಬರಿನಲ್ಲಿ ವಾಲ್ವ್ ಕಂಪನಿ ‘ಟೀಮ್ ಫೋರ್ಟ್ರೆಸ್ 2’ ಆಟದಲ್ಲಿ ಟೊಪ್ಪಿಗೆ, ಆಯುಧಗಳ ಅದಲುಬದಲಿಗೆ ಅವಕಾಶ ಕೊಟ್ಟಿತು. 2011ರಲ್ಲಿ ಅದು ಸ್ಟೀಮ್ ವೇದಿಕೆಗೂ ಬಂತು. ಸಾಟಿ ವ್ಯಾಪಾರದ ಹಳೆಯ ತೊಡಕು ಇಲ್ಲಿಯೂ ಎದುರಾಯಿತು: ನನಗೆ ಬೇಕಾದದ್ದು ನಿನ್ನ ಹತ್ತಿರ ಇರಬೇಕು, ನಿನಗೆ ಬೇಕಾದದ್ದು ನನ್ನ ಹತ್ತಿರ ಇರಬೇಕು. ಹಾಗಾಗಿ ಆಟಗಾರರೇ ಲೋಹವನ್ನೂ ಕೀಲಿಕೈಯನ್ನೂ ನಾಣ್ಯ ಮಾಡಿಕೊಂಡರು. 3 ಸ್ಕ್ರ್ಯಾಪ್ ಸೇರಿದರೆ 1 ರಿಕ್ಲೇಮ್ಡ್, 3 ರಿಕ್ಲೇಮ್ಡ್ ಸೇರಿದರೆ 1 ರಿಫೈನ್ಡ್.

ಮೊದಲು ಇಬ್ಬರೂ ಒಂದೇ ಹೊತ್ತಿಗೆ ಆನ್‌ಲೈನ್ ಇರಬೇಕಿತ್ತು. 2013ರಲ್ಲಿ ‘ಟ್ರೇಡ್ ಆಫರ್’ ಬಂದ ಮೇಲೆ ಪ್ರಸ್ತಾಪ ಇಟ್ಟು ಹೋಗಬಹುದಾಯಿತು, ಉತ್ತರ ಆಮೇಲೆ ಬಂದರೂ ನಡೆಯುತ್ತಿತ್ತು. ಇದು ಬಾಟ್‌ಗೆ ಹೇಳಿ ಮಾಡಿಸಿದ ಕೆಲಸ. ಪ್ರಸ್ತಾಪ ಬಂದ ಕೂಡಲೇ ಅದು ಎರಡು ಪಟ್ಟಿ ತೆಗೆಯುತ್ತದೆ: ನಾವು ಕೊಡುವುದು, ನಮಗೆ ಬರುವುದು. ಬೆಲೆಪಟ್ಟಿ ಹಿಡಿದು ಎರಡನ್ನೂ ಕೂಡಿಸುತ್ತದೆ. ಬರುವುದು ಕಡಿಮೆಯಾಗದಿದ್ದರೆ ಒಪ್ಪುತ್ತದೆ, ಕಡಿಮೆಯಾದರೆ ತಿರಸ್ಕರಿಸುತ್ತದೆ.

ಕೇಳಲಿಕ್ಕೆ ಸರಳ, ಆದರೆ ಲೆಕ್ಕದಲ್ಲೇ ಒಂದು ಬಲೆ ಅದೆ. 1 ಸ್ಕ್ರ್ಯಾಪನ್ನು ವ್ಯಾಪಾರಿಗಳು 0.11 ರಿಫೈನ್ಡ್ ಅಂತ ಬರೆಯುತ್ತಾರೆ. 9 ಸ್ಕ್ರ್ಯಾಪ್ ಅಂದರೆ ಪೂರ್ತಿ 1 ರಿಫೈನ್ಡ್, ಆದರೆ 0.11ನ್ನು 9ರಿಂದ ಗುಣಿಸಿದರೆ 0.99. ಸರಿಯಾದ ಪ್ರಸ್ತಾಪವನ್ನೇ ಬಾಟ್ ‘ಕಡಿಮೆ’ ಅಂತ ಹಿಂದಕ್ಕೆ ಕಳಿಸೀತು. ಅದಕ್ಕೇ ದಶಮಾಂಶ ಬಿಟ್ಟು, ಚಿಲ್ಲರೆಯನ್ನೇ ಮೂಲಮಾನ ಮಾಡಿಕೊಂಡು ಎಣಿಸಬೇಕು.

ಎರಡನೆಯ ಬಲೆ ನಂಬಿಕೆಯದು. ತಿಂಗಳಿಗೆ ಸುಮಾರು 77,000 ಖಾತೆಗಳು ಕಳುವಾಗುತ್ತಿವೆ ಎಂದು 2015ರ ಡಿಸೆಂಬರಿನಲ್ಲಿ ವಾಲ್ವ್ ತಾನೇ ಹೇಳಿತು. ಮೊಬೈಲ್ ದೃಢೀಕರಣ ಇಲ್ಲದವರ ವಸ್ತುಗಳನ್ನು ಕೆಲವು ದಿನ ತಡೆಹಿಡಿಯುವ ನಿಯಮ ಬಂತು. ಅಂದಿನಿಂದ ಬಾಟ್ ಬೆಲೆಯ ಜೊತೆಗೆ ತಡೆಯನ್ನೂ ನೋಡಬೇಕಾಯಿತು.

ಮೂರನೆಯದು ಬೆಲೆಪಟ್ಟಿಯದೇ. 2019ರ ಜುಲೈನಲ್ಲಿ ಆಟದೊಳಗಿನ ದೋಷದಿಂದ ಕೆಲವು ಹಳೆಯ ಪೆಟ್ಟಿಗೆಗಳಲ್ಲಿ, ತೆರೆದಾಗಲೆಲ್ಲ ಅಪರೂಪದ ಟೊಪ್ಪಿಗೆ ಸಿಗತೊಡಗಿತು. ಅಂಥ ರಾತ್ರಿ ನಿನ್ನೆಯ ಪಟ್ಟಿ ಹಿಡಿದು ಕೂತ ಬಾಟ್, ಲೆಕ್ಕ ತಪ್ಪದೆಯೇ ಮನೆ ಖಾಲಿ ಮಾಡಬಲ್ಲದು.

ನಮ್ಮ ಸೊಲ್ಲಾಪುರ ಕಡೆ ಮಾರುಕಟ್ಟೆಯಲ್ಲಿ ಅಡತಿ ವ್ಯಾಪಾರಿ ದರ ವಿಪರೀತ ಏರಿದ್ದು ಕಂಡರೆ ‘ತಡೀರಿ, ಕೇಳಿ ನೋಡ್ತೀನಿ’ ಅಂತಾನೆ. ಬಾಟ್‌ಗೂ ಈ ಮೂರನೆಯ ಉತ್ತರ ಕಲಿಸಬೇಕು: ಒಪ್ಪಿಗೆ, ತಿರಸ್ಕಾರ, ಇಲ್ಲವೇ ಯಜಮಾನ ಬರುವ ತನಕ ಹಾಗೇ ಇಡುವುದು. ಯಾರಿಗೆ ಏನು ಹೋಯಿತು ಅನ್ನುವುದು ವಹಿವಾಟಿನ ದಾಖಲೆಯಲ್ಲಿ ಸಿಗುತ್ತದೆ. ಯಾಕೆ ಹೋಯಿತು ಅನ್ನುವುದು ಆ ದಿನದ ಪ್ರೋಗ್ರಾಮಿನಲ್ಲಿ ಮಾತ್ರ ಸಿಗುತ್ತದೆ. ಅದನ್ನು ಅಳಿಸಿದರೆ ಚರಿತ್ರೆಕಾರನ ಕೈಗೆ ಕಾರಣವಿಲ್ಲದ ಲೆಕ್ಕವಷ್ಟೇ ಉಳಿಯುತ್ತದೆ. ಹಳೆಯ ವಹಿಗಳ ಹಾಗೆ ಈ ಸಾಲುಗಳನ್ನೂ ಜೋಪಾನ ಮಾಡಬೇಕೆಂಬುದು ನನ್ನ ವಾದ.